ಹಳದಿ ದಾರದ ಗ್ಲಾಸು

ಪಾಲಮ್ಮ ನೀರು ಕುಡಿದ ಗ್ಲಾಸನ್ನು ರಘುನಾಥ್ ಕರ್ಚೀಫಿನಲ್ಲಿ ಹಿಡಿದು ಒಯ್ದು ಕಸದ ಡಬ್ಬಿಯೊಳಗೆ ಒಡೆದ. ನಾಳೆಯಿಂದ ಕೆಲಸಕ್ಕೆ ಬರಬೇಡವೆಂದು ಅವಳಿಗೆ ಹೇಳಿ ಕಳಿಸಿದ.

ರಘುನಾಥ್ ರಾಯದುರ್ಗದಲ್ಲಿ ಜೀನ್ಸ್ ಯೂನಿಟ್ಟೊಂದರ ಮಾಲೀಕ. ಕೆಳಗೆ ಹೊಲಿಗೆ ಮೆಷಿನ್ನುಗಳ ಹಾಲು, ಮೇಲೆ ಸ್ಯಾಂಪಲ್ ರೂಮು. ಪಾಲಮ್ಮ ಕೆಳಗಿನ ಹಾಲಿನಲ್ಲಿ, ಹೊಲಿದು ಬಂದ ಪ್ಯಾಂಟುಗಳ ಉಳಿಕೆ ದಾರ ಕತ್ತರಿಸುವವಳು. ಮೆಷಿನ್ನು ಶುರುವಾಗುವ ಮುಂಚೆ ಮೇಲಿನ ರೂಮು ಗುಡಿಸುವುದೂ ಅವಳ ತಲೆಗೇ ಬಿದ್ದಿತ್ತು. ಆ ಕೆಲಸಕ್ಕೆ ಯಾರನ್ನು ಕರೆಯಬೇಕೆಂದು ಮೇಸ್ತ್ರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದು ಮೇ ತಿಂಗಳು. ಗುಡಿಸಿ ಮುಗಿಸುವಷ್ಟರಲ್ಲಿ ಗಂಟಲು ಒಣಗಿತ್ತು. ಟೇಬಲ್ಲಿನ ಮೇಲೆ ನೀರಿನ ಕ್ಯಾನಿತ್ತು, ಪಕ್ಕದಲ್ಲಿ ಗ್ಲಾಸುಗಳಿದ್ದವು. ಒಂದನ್ನು ತೆಗೆದುಕೊಂಡು ಬಗ್ಗಿಸಿಕೊಂಡು ಕುಡಿದಳು. ಅಷ್ಟೇ.

ಆ ಗ್ಲಾಸು ನೀರಿನದಾಗಿರಲಿಲ್ಲ. ರಘುನಾಥನಿಗೆ ವಿಸ್ಕಿಯ ರುಚಿ ನೋಡುವ ಹುಚ್ಚು. ಲಾಕ್‌ಡೌನಿನಲ್ಲಿ ಮೆಷಿನ್ನುಗಳು ನಿಂತು, ಹೊಲಿಯುವವರು ಊರಿಗೆ ನಡೆದು ಹೋಗುತ್ತಿದ್ದಾಗ, ಅವನು ಫೋನಿನಲ್ಲಿ ವಿಡಿಯೊ ನೋಡಿ ನೋಡಿ ಕಲಿತದ್ದು. ಅದಕ್ಕೂ ಮುಂಚೆ ಅವನೂ ಎಲ್ಲರಂತೆ ಸ್ಟೀಲ್ ಲೋಟದಲ್ಲಿ ಸೋಡಾ ಬೆರೆಸಿ ಉಪ್ಪಿನಕಾಯಿ ನೆಕ್ಕುತ್ತಿದ್ದವನೇ. ಈಗ ಸ್ಯಾಂಪಲ್ ರೂಮಿನ ಗೋಡೆಗೆ ಗಾಜಿನ ಬೀರು ಕೂಡಿಸಿದ್ದ. ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಂಡು ಕುಡಿಯುವ ಬ್ರಾಂದಿಗೆ ಹೊಟ್ಟೆ ಉಬ್ಬಿದ ಗ್ಲಾಸು. ವೋಡ್ಕಾಕ್ಕೆ ಹೆಬ್ಬೆರಳುದ್ದದ ಪುಟ್ಟದು. ಐಸು ಸೋಡಾ ಬೇಕೆನ್ನುವವರಿಗೆ ದಪ್ಪ ತಳದ, ಅಗಲ ಬಾಯಿಯದು. ಎಲ್ಲಕ್ಕಿಂತ ಮೇಲಿನ ಅಂಕಣದಲ್ಲಿ, ವಿಸ್ಕಿಯನ್ನು ಮೂಸಿ ನೋಡುವುದಕ್ಕೆಂದೇ ಮಾಡಿದ, ತಾವರೆ ಮೊಗ್ಗಿನ ಆಕಾರದ, ಗಿಡ್ಡ ಕಾಲಿನ ಒಂದು ಸೆಟ್ಟು. ಹೊರದೇಶದ್ದು. ಪಾಲಮ್ಮನ ಕೈಗೆ ಸಿಕ್ಕಿದ್ದು ಈ ಸೆಟ್ಟಿನ ಒಂದು ಗ್ಲಾಸು. ಹಿಂದಿನ ದಿನ ತೊಳೆದು ಟೇಬಲ್ಲಿನ ಮೇಲೆ ಆರಲು ಬಿಟ್ಟಿದ್ದರು.

ಪಾಲಮ್ಮನದು ಮಡಕಶಿರಾ ಕಡೆ, ಅಮರಾಪುರದ ಹತ್ತಿರದ ಊರಿನ ಎಸ್ಸಿ ಕಾಲೋನಿ. ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಬೆರಳು ಸವೆಸಿ, ಆ ಕಾರ್ಖಾನೆ ಮುಚ್ಚಿದ ಮೇಲೆ ರಾಯದುರ್ಗಕ್ಕೆ ಬಂದವಳು. ಕರೆಸಿಕೊಂಡವನು ಅಕ್ಕನ ಮಗ ಹರೀಶ್. ಅವನು ಇದೇ ಯೂನಿಟ್ಟಿನ ಸ್ಯಾಂಪಲ್ ಟೈಲರು. ದೊಡ್ಡ ಕಂಪನಿಗಳಿಗೆ ತೋರಿಸುವ ಮೊದಲ ಪ್ಯಾಂಟು ಹೊಲಿಯುವುದು ಅವನ ಕೈ. ಆ ಕೈಗಾಗಿ ರಘುನಾಥ್ ಅವನನ್ನು ಮೇಲಿನ ರೂಮಿನಲ್ಲಿ ಕೂಡಿಸಿದ್ದ. ಭಾನುವಾರ ಬೆಳಿಗ್ಗೆ, ಹೊಟ್ಟೆ ಖಾಲಿ ಇದ್ದಾಗಲೇ ಮೂಗು ಚುರುಕಿರುತ್ತದೆಂದು, ರುಚಿ ನೋಡುವ ಕೂಟ ನಡೆಸುತ್ತಿದ್ದ. ಆ ಕೂಟದಲ್ಲೂ ಹರೀಶನಿಗೊಂದು ಕುರ್ಚಿ. ಉಳಿದ ಇಬ್ಬರು ಬಟ್ಟೆ ಏಜೆಂಟ್ ರಂಗನಾಥ್ ಮತ್ತು ಜೀನ್ಸ್ ಒಗೆದು ಬಣ್ಣ ಮಾಸಿಸುವ ವಾಶಿಂಗ್ ಯೂನಿಟ್ಟುಗಳಿಗೆ ಕೆಮಿಕಲ್ ಮಾರುವ ಯರ್ರಪ್ಪ.

ಗ್ಲಾಸು ಒಡೆದ ಮಾರನೆಯ ದಿನ ರಘುನಾಥ್ ತಾನಾಗಿಯೇ ಹರೀಶನನ್ನು ಕರೆದ.

"ನಿಮ್ಮ ಚಿಕ್ಕಮ್ಮನ ವಿಷಯ ನನಗೂ ಬ್ಯಾಸರ ಐತಿ ಹರೀಶ. ಆದ್ರ ನೀನ ಹೇಳು. ಹೊಗೆಸೊಪ್ಪು ಹಾಕೋ ಬಾಯಿ. ಆ ಗ್ಲಾಸಿಗೆ ಇಟ್ಟರ ಮುಗೀತು."

"ತೊಳೆದ್ರೆ ಹೋಗಲ್ವಾ ಸಾರ್?"

"ಇಲ್ಲಿ ಬಾ." ಬೀರುವಿನಿಂದ ಎರಡು ಗ್ಲಾಸು ತೆಗೆದ. ಅಗಲ ಬಾಯಿಯದೊಂದು, ಮೊಗ್ಗಿನದೊಂದು. ಎರಡಕ್ಕೂ ಒಂದೇ ಬಾಟಲಿಯಿಂದ ಒಂದೊಂದು ಗುಟುಕು ಹಾಕಿದ. "ಮದಲ ಇದನ್ನ ಮೂಸು. ಏನ ಬಂತು?"

"ಸ್ಪಿರಿಟ್ಟು."

"ಈಗ ಇದು. ಮೂಗು ಪೂರಾ ತೂರಿಸಬ್ಯಾಡ, ಸುಡತೈತಿ. ಬಾಯಿ ಚೂರು ತಕ್ಕೊಂಡು ಮೆಲ್ಲಕ ಎಳಕೋ."

ಹರೀಶ ಎಳೆದುಕೊಂಡ. ಹುರಿದ ಕಡಲೆಕಾಯಿ ಸಿಪ್ಪೆ. ಆಮೇಲೆ ಹೊಸ ಬೆಲ್ಲ. ಅದರ ಹಿಂದೆ, ಒಲೆ ಆರಿದ ಮೇಲೆ ಅಡಿಗೆಮನೆಯಲ್ಲಿ ಉಳಿಯುವ ಹೊಗೆ. ಒಂದೇ ಬಾಟಲಿಯದೆಂದು ನಂಬಲಾಗಲಿಲ್ಲ.

"ಬಾಯಿ ಅಗಲ ಇದ್ರ ವಾಸ್ನಿ ಎಲ್ಲಾ ಹಾರಿ ಹೋಗತೈತಿ. ಇದರದು ಹೊಟ್ಟಿ ದೊಡ್ಡದು, ಕುತ್ತಿಗಿ ಸಣ್ಣದು. ಒಳಗಿಂದೆಲ್ಲಾ ಕೂಡಿಕೊಂಡು ನೆಟ್ಟಗ ಮೂಗಿಗೆ ಬರತೈತಿ. ಅಂದ ಮ್ಯಾಲೆ ಒಂದು ಚೂರು ಹೊಗೆಸೊಪ್ಪು ವಾಸ್ನಿ ಉಳದ್ರೂ ಅದೂ ಹಂಗ ದೊಡ್ಡದಾಗಿ ಬರತೈತಿ. ಗಾಜಿಗೆ ನೆನಪು ಇರತೈತಪ್ಪ. ತೊಳದ್ರ ಹೋಗಂಗಿಲ್ಲ. ಇದರಾಗ ಜಾತಿ ಗೀತಿ ಹಚ್ಚಬ್ಯಾಡ. ಹಂಗೇನರ ಇದ್ದಿದ್ರ ನಿನ್ನ ನನ್ನ ಬಾಜೂಕ ಕೂಡಿಸ್ಕೊಂತಿದ್ನಾ?"

ಹರೀಶನ ಮೂಗಿನಲ್ಲಿ ಇನ್ನೂ ಬೆಲ್ಲವಿತ್ತು. ಮಾತು ಸರಿಯಾಗಿ ಕೂತಿತು, ಅಳತೆ ತೆಗೆದು ಹೊಲಿದ ಪ್ಯಾಂಟಿನಂತೆ. ಎಲ್ಲೂ ಸುಕ್ಕಿಲ್ಲ. ಅಷ್ಟು ಸುಕ್ಕಿಲ್ಲದ್ದೇ ಯಾಕೋ ಒಂದಿಷ್ಟು ಚುಚ್ಚಿತು. ಆದರೂ ಅದನ್ನು ತೊಟ್ಟುಕೊಂಡೇ ಅವನು ಚಿಕ್ಕವ್ವನ ರೂಮಿಗೆ ಹೋದ.

ಬೆಟ್ಟದ ಬುಡದ ಓಣಿಯಲ್ಲಿ ಅವಳ ರೂಮು. ಹೊಸ್ತಿಲಲ್ಲಿ ಕೂತು ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಹರೀಶ ಗಾಜು, ಕುತ್ತಿಗೆ, ನೆನಪು ಎಲ್ಲವನ್ನೂ ಹೇಳಿದ. ಅವಳು ಜರಡಿ ನಿಲ್ಲಿಸದೆ ಕೇಳಿದಳು.

"ಅವ್ನು ಸಿಗ್ರೇಟು ಸೇದಲ್ವೇನ್ಲಾ?"

"ಸೇದ್ತಾನೆ."

"ಆ ಕೆಮಿಕಲ್ ಯರ್ರಪ್ಪ ಬಾಯ್ತುಂಬ ಗುಟ್ಕಾ ಇಟ್ಕಂಡೇ ಓಡಾಡ್ತಾನೆ. ಅವ್ನ್ ಗ್ಲಾಸು ಯಾವತ್ತು ಒಡೆದ್ರು?"

ಹರೀಶ ಮಾತು ತಿರುಗಿಸಿದ. "ನಂಗೂ ಅದೇ ಗ್ಲಾಸ್ನಲ್ಲೇ ಕೊಡ್ತಾರೆ ಚಿಕ್ಕವ್ವ. ಅದೇ ಸೆಟ್ಟು. ಅದೇ ಟೇಬಲ್ಲು. ನೀನು ಎಲ್ಲದ್ರಲ್ಲೂ ಅದನ್ನೇ ಹುಡುಕ್ಬೇಡ."

"ನಾನೆಲ್ ಹುಡುಕ್ತೀನಪ್ಪ, ಅದೇ ನನ್ನ ಹುಡುಕ್ಕಂಡು ಬತ್ತದೆ." ಹಿಟ್ಟಿನ ಕೈ ಕೊಡವಿದಳು. "ನಮ್ಮೂರ್ ಹೋಟ್ಲು ನೆಪ್ಪೈತೇನ್ಲಾ? ನೀನಾಗ ಇಷ್ಟುದ್ದ ಇದ್ದೆ. ಟೀ ಅದೇ ಟೀ, ಸಕ್ಕರೆ ಅದೇ ಸಕ್ಕರೆ. ಲೋಟಾನೂ ಎಲ್ಲಾರ್ದೂ ಒಂದೇ ಥರ. ಕುಡಿಯೋವಾಗ ನೋಡಿದೋರ್ಗೆ ಏನೂ ಗೊತ್ತಾಗ್ತಿರ್ಲಿಲ್ಲ. ಕುಡಿದ್ ಮೇಲೆ ಅವ್ರು ಲೋಟ ಬೆಂಚಿನ್ ಮೇಲೆ ಬಿಟ್ಟು ಎದ್ದೋಗೋರು. ನಾವು ತೊಳ್ದು ಸೂರಿನ್ ಸಂದೀಲಿ ಮಡಗಿ ಬರ್ತಿದ್ವಿ. ಕೈಗೆ ಬರೋ ಗ್ಲಾಸ್ ನೋಡ್ಬೇಡ ಮಗಾ. ಕುಡಿದ್ ಮೇಲೆ ಅದು ಎಲ್ಲಿಗೋಯ್ತದೆ ನೋಡು."

ಈ ಮಾತು ಹರೀಶನಿಗೆ ಹಿಡಿಸಲಿಲ್ಲ. ಕೆಲಸ ಹೋದ ಸಿಟ್ಟಿಗೆ ಅನ್ನುತ್ತಿದ್ದಾಳೆ ಎಂದುಕೊಂಡ. ಮನಸ್ಸಿನ ಮೂಲೆಯಲ್ಲಿ ಇನ್ನೂ ಕೆಟ್ಟದ್ದೊಂದು ಅಂದುಕೊಂಡ: ತಾನು ಮೇಲೆ ಕೂತಿದ್ದು ಇವಳಿಗೆ ಆಗಿಬರುತ್ತಿಲ್ಲವೇನೋ.

ಆದರೆ ಮುಂದಿನ ಭಾನುವಾರ ಕಣ್ಣು ಬೇಡವೆಂದರೂ ಗ್ಲಾಸಿನ ಹಿಂದೆ ಹೋಯಿತು. ಮಾಲೀಕನ ಮನೆಯಾಳು ದೊಡ್ಡಬೀರಪ್ಪ ಟ್ರೇ ತಂದ. ನಾಲ್ಕೂ ಗ್ಲಾಸಿನ ಕಾಲಿಗೆ ಬೇರೆ ಬೇರೆ ಬಣ್ಣದ ಜೀನ್ಸ್ ದಾರ ಕಟ್ಟಿತ್ತು. ಅದು ರಘುನಾಥನ ಉಪಾಯ. ಮೂಸುತ್ತಾ, ಇಡುತ್ತಾ, ಮಾತಾಡುತ್ತಾ ಇದ್ದರೆ ಯಾರದು ಯಾವುದೆಂದು ಕಲಸಿಹೋಗುತ್ತದಲ್ಲ, ಅದಕ್ಕೆ. ಹರೀಶನದು ಯಾವಾಗಲೂ ಹಳದಿ. ಅದು ಅವನಿಗೆ ಹೆಮ್ಮೆಯೂ ಆಗಿತ್ತು. ತನ್ನದೇ ಒಂದು ಬಣ್ಣ.

ಕೂಟ ಮುಗಿಯಿತು. ದೊಡ್ಡಬೀರಪ್ಪ ಬಂದ. ನಾಲ್ಕೂ ಗ್ಲಾಸನ್ನು ಒಂದೇ ಟ್ರೇಯಲ್ಲಿಟ್ಟುಕೊಂಡು ಒಳಗೆ ಹೋದ. ಒಂದೇ ಟ್ರೇ! ಹರೀಶನಿಗೆ ಎದೆ ಹಗುರಾಯಿತು. ಅವತ್ತು ಸಂಜೆಯೇ ಹೋಗಿ ಚಿಕ್ಕವ್ವನಿಗೆ ಹೇಳಿದ. "ಒಂದೇ ಟ್ರೇನಲ್ಲಿ ತಕ್ಕಂಡೋದ. ನನ್ ಕಣ್ಣಾರೆ ನೋಡ್ದೆ."

"ಬಾಗಿಲ್ ತಂಕ ನೋಡ್ದೆ," ಅಂದಳು ಪಾಲಮ್ಮ.

ಬೇರೆ ಯೂನಿಟ್ಟುಗಳಲ್ಲಿ ಅವಳಿಗೆ ಕೆಲಸ ಸಿಗುತ್ತಿರಲಿಲ್ಲ. ಎಲ್ಲಿ ಹೋದರೂ ಮೇಸ್ತ್ರಿ ಅವಳ ಮುಖ ನೋಡಿ, ಒಳಗೆ ಹೋಗಿ ಫೋನು ಮಾಡಿ, ಹೊರಗೆ ಬಂದು ಜನ ಸಾಕು ಅನ್ನುತ್ತಿದ್ದ. ಊರಿಗೆ ಹೋದರೆ ಅಲ್ಲಿ ಕುರಿಯೂ ಇಲ್ಲ, ಹೊಲವೂ ಇಲ್ಲ. ಬೆಂಗಳೂರು ಮುಗಿದಿತ್ತು. ರಾಯದುರ್ಗವೂ ಮುಗಿದರೆ ಅವಳಿಗೆ ಹೋಗಲು ಊರಿರಲಿಲ್ಲ.

ಹೊಲಿಗೆ ಹಾಲಿನಲ್ಲಿ ಜ್ಯೋತಿ ಅಂತ ಒಬ್ಬಳು. ರಾಯದುರ್ಗದವಳೇ, ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮೆಷಿನ್ನಿನವಳು. ಅವಳ ಮನೆ ಜಗುಲಿಯಲ್ಲಿ ಹೆಂಗಸರು ವಾರಕ್ಕೊಮ್ಮೆ ಕೂತು ಪುಸ್ತಕ ಓದುತ್ತಿದ್ದರು, ಓದಿದ್ದಕ್ಕೆ ಜಗಳವಾಡುತ್ತಿದ್ದರು. ಆ ಜಗುಲಿಯಿಂದಲೇ ಬೆಂಗಳೂರಿನ ಕಂಪನಿಗೆ ದೂರು ಹೋಯಿತು. ರಘುನಾಥನ ಪ್ಯಾಂಟಿಗೆ ತನ್ನ ಹೆಸರು ಹಚ್ಚಿ ಮಾರುವ ಕಂಪನಿ ಅದು. ಜಾತಿಯ ಕಾರಣಕ್ಕೆ ಒಬ್ಬ ಹೆಂಗಸಿನ ಕೆಲಸ ತೆಗೆದಿದ್ದಾರೆ, ಬಂದು ನೋಡಿ ಎಂದು.

ಜ್ಯೋತಿ ಮೆಟ್ಟಿಲ ಮೇಲೆ ಹರೀಶನನ್ನು ಅಡ್ಡಹಾಕಿದಳು. "ಹರೀಶಣ್ಣ, ಕಂಪನಿಯಾರು ಬರ್ತಾರ. ನಿನ್ನೂ ಕೇಳ್ತಾರ. ಏನ್ ಹೇಳ್ತಿ?"

"ನೋಡಿದ್ದು ಹೇಳ್ತೀನಿ."

"ಏನ್ ನೋಡಿದಿ?"

"ಏನೂ ನೋಡಿಲ್ಲ."

"ಹಂಗಾರ ಮ್ಯಾಗ ಕುಂತು ಮೂಸಕೋಂತ ಇರು. ನಿನ್ನ ಮೂಗಿಗೆ ಕಡಲಿಬೀಜ ಬರತೈತಂತ, ಬೆಲ್ಲ ಬರತೈತಂತ. ಇದೊಂದು ಬರವಲ್ದು ನೋಡು." ಅವಳು ಇಳಿದು ಹೋದಳು.

ಇವಳಿಗೂ ಏನೋ ಲೆಕ್ಕವಿದೆ ಅಂದುಕೊಂಡ ಹರೀಶ. ತನ್ನನ್ನು ಮುಂದೆ ಬಿಟ್ಟು ಸಾವಕಾರನನ್ನು ಹೊಡೆಯುವ ಲೆಕ್ಕ. ಹಾಗೆ ಅಂದುಕೊಂಡರೂ ಆ ಮಾತು ಅವನ ಜೊತೆಗೇ ಮೆಟ್ಟಿಲು ಹತ್ತಿತು. ಅಂದಿನಿಂದ ಯಾವುದೂ ಮೊದಲಿನಂತೆ ಕಾಣಲಿಲ್ಲ. ಭೈರವಾನಿತಿಪ್ಪದ ಡ್ಯಾಮಿನಿಂದ ತಂದ ಮೀನು ಹುರಿದರೆ ಅವನಿಗೇ ಬೇರೆ ತಟ್ಟೆ ಬರುತ್ತಿತ್ತು. "ನಿನಗ ಖಾರ ಜಾಸ್ತಿ ಬೇಕಲ್ಲ" ಅನ್ನುತ್ತಿದ್ದ ರಘುನಾಥ್. ಹೌದು, ಅವನಿಗೆ ಖಾರ ಇಷ್ಟ. ಆದರೆ ಹಾಗೆಂದು ಅವನು ಯಾವತ್ತು ಹೇಳಿದ್ದ? ಉಳಿದವರು ಬಾಟಲಿಯನ್ನು ಕೈಯಿಂದ ಕೈಗೆ ದಾಟಿಸಿ ಅದರ ಮೇಲಿನ ಚೀಟಿ ಓದುತ್ತಿದ್ದರು. ಅವನಿಗೆ ಮಾತ್ರ ರಘುನಾಥನೇ ಎದ್ದು ಬಂದು ಬಗ್ಗಿಸುತ್ತಿದ್ದ. ಅದು ಗೌರವವೆಂದುಕೊಂಡಿದ್ದ. ಗೌರವವೇ ಇರಬಹುದು. ಪ್ರತಿಯೊಂದಕ್ಕೂ ಒಂದು ಒಳ್ಳೆಯ ಕಾರಣವಿತ್ತು. ಅದೇ ಅವನ ನಿದ್ದೆ ಕೆಡಿಸಿತು. ಊರಿನ ಹೋಟೆಲ್ಲಿನವನು ಕಾರಣ ಹೇಳುತ್ತಿರಲಿಲ್ಲ, ಹಾಗಾಗಿ ಅಲ್ಲಿ ಅನುಮಾನವೂ ಇರಲಿಲ್ಲ.

ಹೀಗೇ ಕೆಲವು ವಾರ ಕಳೆದವು. ಒಂದು ಭಾನುವಾರ ಹೊಸ ಬಾಟಲಿ ಬಂದಿತ್ತು. ರಘುನಾಥ್ ಬಣ್ಣ ನೋಡಲು ಕಲಿಸುತ್ತಿದ್ದ. "ಬೆಳಕಿಗೆ ಹಿಡೀರಿ. ಕಿಟಕಿ ಕಡೆ. ಸ್ವಲ್ಪ ತಿರುಗಿಸ್ರಿ, ಗಾಜಿನ ಮ್ಯಾಗ ಎಣ್ಣಿಯಂಗ ಇಳಿತೈತಲ್ಲ, ಅದನ್ನ ನೋಡ್ರಿ."

ಹರೀಶ ತನ್ನ ಗ್ಲಾಸನ್ನು ಕಿಟಕಿಗೆ ಹಿಡಿದ. ಪಕ್ಕದಲ್ಲಿ ರಂಗನಾಥನೂ ಹಿಡಿದ. ಎರಡು ಗ್ಲಾಸು ಒಂದೇ ಬಿಸಿಲಲ್ಲಿ. ಹರೀಶನ ಕಣ್ಣು ವಿಸ್ಕಿಯಿಂದ ಜಾರಿ ಕೆಳಗಿನ ದಾರಕ್ಕೆ ಬಿತ್ತು.

ರಂಗನಾಥನ ಗ್ಲಾಸಿನ ಕೆಂಪು ದಾರ ರೀಲಿನಿಂದ ಈಗ ತಾನೇ ಕಿತ್ತದ್ದು. ಮೇಣ ಇನ್ನೂ ಮಿನುಗುತ್ತಿತ್ತು, ತುದಿ ಸೂಜಿಯಂತೆ ನೆಟ್ಟಗಿತ್ತು. ಅವನದು ಹೋದ ವಾರ ನೀಲಿ ಇತ್ತು, ಅದರ ಹಿಂದಿನ ವಾರ ಬಿಳಿ. ಹರೀಶನ ಹಳದಿ ಈಗ ಹಳದಿಯಾಗಿರಲಿಲ್ಲ. ಒಣ ಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ತುದಿ ಬಿಚ್ಚಿಕೊಂಡು ಕುಂಚವಾಗಿತ್ತು. ಗಂಟು ನೀರು ಕುಡಿದು ಕುಡಿದು ಕಲ್ಲಾಗಿ ಗಾಜಿಗೆ ಕಚ್ಚಿಕೊಂಡಿತ್ತು. ವಾಶಿಂಗಿಗೆ ಹೋಗಿ ಬಂದ ದಾರ ಹೇಗಿರುತ್ತದೆಂದು ಜೀನ್ಸ್ ಹೊಲಿಯುವವನಿಗೆ ಹೇಳಬೇಕಿಲ್ಲ. ಹೊಸದನ್ನು ಹಳೆಯದು ಮಾಡಿ ಮಾರುವ ಊರು ಅದು.

ಬೇರೆಯವರ ದಾರ ವಾರವಾರ ಬಿಚ್ಚಿ, ತೊಳೆದ ಗ್ಲಾಸುಗಳಲ್ಲಿ ಕೈಗೆ ಸಿಕ್ಕಿದ್ದಕ್ಕೆ ಹೊಸದು ಕಟ್ಟುತ್ತಿದ್ದರು. ಈ ವಾರ ರಂಗನಾಥ್ ಕುಡಿದ ಗ್ಲಾಸು ಮುಂದಿನ ವಾರ ರಘುನಾಥನದು. ಹರೀಶನ ದಾರವನ್ನು ಯಾರೂ, ಯಾವತ್ತೂ, ಬಿಚ್ಚಿರಲಿಲ್ಲ.

"ಏನಪ್ಪ, ಏನ್ ಕಾಣತೈತಿ?" ರಘುನಾಥ್ ಕೇಳಿದ.

"ಚೆನ್ನಾಗಿ ಕಾಣ್ತೈತೆ ಸಾರ್," ಅಂದ ಹರೀಶ. ಕುಡಿದ. ಬೆಲ್ಲವೂ ಬರಲಿಲ್ಲ, ಕಡಲೆಕಾಯಿಯೂ ಬರಲಿಲ್ಲ.

ಕೂಟ ಎದ್ದ ಮೇಲೆ ಬೀಡಿಯ ನೆಪ ಹೇಳಿ ಹಿಂದಿನ ಮೆಟ್ಟಿಲಿಳಿದ. ಜನರೇಟರಿನ ಪಕ್ಕದ ಹೊರಗಿನ ನಲ್ಲಿಯ ಹತ್ತಿರ ದೊಡ್ಡಬೀರಪ್ಪ ಕುಕ್ಕರಗಾಲಲ್ಲಿ ಕೂತಿದ್ದ. ಕೈಯಲ್ಲಿ ಒಂದೇ ಗ್ಲಾಸು.

"ಉಳಿದವು ಎಲ್ಲಿ ಬೀರಪ್ಪಣ್ಣ?"

ಮುದುಕ ಬೆಚ್ಚಿದ. "ಒಳಗ. ಬಿಸಿನೀರಾಗ ಹಾಕೀನಿ."

"ಇದ್ಯಾಕೆ ಇಲ್ಲಿ?"

"ನನ್ನೇನ್ ಕೇಳ್ತಿಯಪ್ಪ. ತೊಳಿ ಅಂದ್ರ ತೊಳಿತೀನಿ, ಇಡು ಅಂದಲ್ಲಿ ಇಡ್ತೀನಿ." ನೀರು ಕೊಡವಿ, ಗ್ಲಾಸನ್ನು ಜನರೇಟರ್ ರೂಮಿನ ಗೂಡಿನೊಳಗೆ ಬೋರಲು ಇಟ್ಟ. ಗೂಡಿನ ತುಂಬ ಡೀಸೆಲ್ ಮಸಿ ಹಿಡಿದ ಧೂಳಿತ್ತು. ಒಂದು ಜಾಗ ಮಾತ್ರ ದುಂಡಗೆ, ಗ್ಲಾಸಿನ ಬಾಯಿಯಷ್ಟು, ಸ್ವಚ್ಛವಾಗಿತ್ತು. ಗ್ಲಾಸು ಆ ದುಂಡಿನ ಮೇಲೆ ಸರಿಯಾಗಿ ಕೂತಿತು.

"ಡೀಸೆಲ್ ವಾಸ್ನೆ ಹಿಡಿಯಲ್ವಾ ಇದಕ್ಕೆ?" ಹರೀಶ ಕೇಳಿದ.

ದೊಡ್ಡಬೀರಪ್ಪ ಅವನ ಮುಖ ನೋಡಲಿಲ್ಲ. "ಅದಕ್ಕ ನಾನ ಮ್ಯಾಗ ತರೋಕಿಂತ ಮದಲ ಇನ್ನೊಮ್ಮಿ ತೊಳಿತೀನಿ. ಸುಳ್ಳ ಹೇಳಂಗಿಲ್ಲ." ಹೆಗಲ ಟವೆಲ್ಲಿನಲ್ಲಿ ಕೈ ಒರೆಸಿಕೊಂಡು ಹೋದ.

ಆ ಸಂಜೆ ಹರೀಶ ಚಿಕ್ಕವ್ವನ ಎದುರು ಕೂತು ಮುದ್ದೆ ಮುರಿದ. ಅವಳು ಸಾರು ಬಿಟ್ಟಳು.

"ಗೂಡ್ನಲ್ಲಿಟ್ಟವ್ರೆ," ಅಂದ ಹರೀಶ.

ಅವಳು ಇನ್ನೊಂದು ಸೌಟು ಸಾರು ಬಿಟ್ಟಳು. "ಸೂರಿಗಿಂತ ವಾಸಿ ಬಿಡು. ಮಳೆ ನೀರು ಬೀಳಾಕಿಲ್ಲ."

ಇಬ್ಬರಿಗೂ ನಗು ಬಂತು. ನಗುತ್ತಲೇ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ನಿನ್ ಕುರ್ಚಿ ಕಳ್ಕಬೇಡ ಕಣ್ಲಾ ಮಗಾ. ನಂದು ಹೆಂಗೋ ಆಯ್ತದೆ," ಅಂದಳು.

ಕಂಪನಿಯಿಂದ ತನಿಖೆಗೆ ಬಂದವಳ ಹೆಸರು ರಾಧಿಕಾ. ಕಾರಿನಿಂದ ಇಳಿದವಳನ್ನು ರಘುನಾಥ್ ಆಫೀಸಿನಲ್ಲಿ ಕೂಡಿಸಲಿಲ್ಲ, ಬೇಕೆಂದೇ ಭಾನುವಾರ ಕರೆಸಿದ್ದವನು ಸೀದಾ ಮೇಲಿನ ರೂಮಿಗೆ ಕರೆದುಕೊಂಡು ಬಂದ. ಅವಳು ಬರುವ ಮುಂಚೆ ಹರೀಶನ ಹೆಗಲ ಮೇಲೆ ಕೈ ಇಟ್ಟು ಹೇಳಿದ್ದ: "ನೀನೇನು ಭಾಷಣ ಮಾಡೋದು ಬ್ಯಾಡ. ವಾರವಾರ ಕುಂತಂಗ ಕೂಡು, ಕುಡಿ. ಇಲ್ಲಿ ಭೇದ ಇಲ್ರಿ ಅಂತ ಒಂದ ಮಾತು ಹೇಳು. ಮುಗೀತು. ಮುಂದ ನಾ ಹಾಕೋ ಹೊಸ ಯೂನಿಟ್ಟಿಗೆ ನೀನ ಇನ್‌ಚಾರ್ಜ್ ಆಗ್ತಿ." ಹೆಗಲ ಮೇಲಿಟ್ಟ ಆ ಕೈಯನ್ನು ಅವನು ಆಮೇಲೆ ಎಲ್ಲಾದರೂ ಒರೆಸಿಕೊಳ್ಳುತ್ತಾನೇನೋ ಎಂದು ಹರೀಶ ನೋಡಿದ. ಒರೆಸಿಕೊಳ್ಳಲಿಲ್ಲ. ಅದನ್ನೂ ನೋಡುವ ಹಾಗಾಗಿತ್ತು ಅವನ ಕಣ್ಣು.

ರಾಧಿಕಾ ನಿಂಬೆ ಶರಬತ್ತು ಸಾಕೆಂದಳು. ದೂರಿನವರೆಂದು ಅವಳೇ ಕರೆಸಿದ್ದ ಪಾಲಮ್ಮ ಮತ್ತು ಜ್ಯೋತಿ ಬಾಗಿಲ ಬಳಿ ನಿಂತಿದ್ದರು. ರಾಧಿಕಾ ಕರೆದು ಕುರ್ಚಿ ತೋರಿಸಿದರೂ ಪಾಲಮ್ಮ ಕೂರಲಿಲ್ಲ.

"ದೂರಿನಲ್ಲಿ ಗ್ಲಾಸಿನ ವಿಷಯ ಇದೆ," ಅಂದಳು ರಾಧಿಕಾ.

"ಅದನ್ನ ತೋರಸ್ತೀನಿ ನೋಡ್ರಿ ಮೇಡಂ." ರಘುನಾಥ್ ಬೀರು ತೆರೆದ. ಹೊಟ್ಟೆ, ಕುತ್ತಿಗೆ, ವಾಸನೆ, ಹೊಗೆಸೊಪ್ಪು, ಗಾಜಿನ ನೆನಪು, ಎಲ್ಲವನ್ನೂ ಚೆಂದಾಗಿ ಹೇಳಿದ. ರಾಧಿಕಾ ತಲೆಯಾಡಿಸುತ್ತಾ ಕೇಳಿದಳು. ಕಾರಣ ಅವಳಿಗೂ ಸರಿಯಾಗಿ ಕೂರುತ್ತಿದೆಯೆಂದು ಹರೀಶನಿಗೆ ಗೊತ್ತಾಯಿತು. "ಜಾತಿ ನೋಡೋನಾಗಿದ್ರ ಇವನು ಇಲ್ಲಿ ಕುಂದ್ರತಿದ್ನಾ? ಅದ ಹೆಣ್ಮಗಳ ಅಕ್ಕನ ಮಗ ಇವನು. ಇವನನ್ನ ಕೇಳ್ರಿ."

ರಾಧಿಕಾ ಹರೀಶನ ಕಡೆ ತಿರುಗಿದಳು. "ನೀವು ಇಲ್ಲಿ ಎಲ್ಲರ ಜೊತೆ ಕೂತು, ಇದೇ ಗ್ಲಾಸುಗಳಲ್ಲಿ ಕುಡೀತೀರಾ? ಹೌದು ಅಂದ್ರೆ ನಾನು ದೂರನ್ನ ಮುಚ್ಚಬೇಕಾಗುತ್ತೆ."

ಆ ಹೊತ್ತಿಗೆ ದೊಡ್ಡಬೀರಪ್ಪ ಟ್ರೇ ತಂದು ಟೇಬಲ್ಲಿನ ಮೇಲಿಟ್ಟ. ನಾಲ್ಕು ಖಾಲಿ ಗ್ಲಾಸು, ನಾಲ್ಕು ದಾರ. ಮೂರು ಹೊಸವು, ಒಂದು ಹುಲ್ಲಿನ ಬಣ್ಣದ್ದು.

ಹರೀಶ ಅಂಗಿಯ ಜೇಬಿನಿಂದ ದಾರ ಕತ್ತರಿಸುವ ಸಣ್ಣ ಕತ್ತರಿ ತೆಗೆದ. ಸ್ಯಾಂಪಲ್ ಟೈಲರಿನ ಜೇಬಿನಲ್ಲಿ ಅದು ಯಾವಾಗಲೂ ಇರುತ್ತದೆ. ಒಂದೊಂದೇ ಗ್ಲಾಸು ಎತ್ತಿ ಕಾಲಿನ ದಾರ ಕತ್ತರಿಸಿದ. ಹಳದಿಯ ಗಂಟಿಗೆ ಕತ್ತರಿಯ ಮೊನೆ ತೂರಿಸಿ ಎಬ್ಬಿಸಬೇಕಾಯಿತು.

"ಏ, ಏನ್ ಮಾಡಾಕತ್ತಿ?" ಅಂದ ರಘುನಾಥ್.

ಹರೀಶ ಗ್ಲಾಸುಗಳನ್ನು ಟ್ರೇಯಲ್ಲಿ ಅತ್ತಿತ್ತ ಸರಿಸಿದ, ಕವಡೆ ಕಲಸಿದ ಹಾಗೆ. ಈಗ ನಾಲ್ಕೂ ಒಂದೇ.

"ಗಾಜಿಗೆ ನೆನಪೈತೆ ಅಂದ್ರಲ್ಲ ಸಾರ್. ತೊಳೆದ್ರೂ ಹೋಗಲ್ಲ ಅಂದ್ರಿ. ಇದ್ರಲ್ಲಿ ಒಂದು ಬರೀ ನನ್ ಬಾಯಿ ಕಂಡಿದ್ದು. ಮೂಸಿ, ಯಾವ್ದು ಅಂತ ತೆಗೀರಿ."

"ಹುಡುಗಾಟ ಮಾಡಬ್ಯಾಡ, ಮೇಡಂ ಅದಾರ."

"ತೆಗೀರಿ ಸಾರ್. ತೆಗೆದ್ರೆ ನಮ್ ಚಿಕ್ಕವ್ವನ್ ಗ್ಲಾಸ್ ಒಡೆದಿದ್ದು ವಾಸ್ನೆಗೇ ಅಂತ ನಾನೇ ಹೇಳ್ತೀನಿ."

ಯರ್ರಪ್ಪನಿಗೆ ಇದು ಆಟದಂತೆ ಕಂಡಿತು. "ನೋಡ್ರಿ ರಘುನಾಥ್, ನಿಮ್ಮ ಮೂಗಿಗೆ ಪರೀಕ್ಷೆ ಬಂತು. ಗುಟ್ಕಾ ನಾತ ಬಂದ್ರ ಅದು ನಂದು, ಬಿಟ್ಟಬಿಡ್ರಿ," ಎಂದು ಹಲ್ಲು ಕಿರಿದ. ಹಲ್ಲು ಕೆಂಪಗಿತ್ತು.

ರಘುನಾಥನ ಕೈ ಅಭ್ಯಾಸಬಲದಿಂದ ಒಂದು ಗ್ಲಾಸಿಗೆ ಹೋಯಿತು. ಮೂಗಿನ ಹತ್ತಿರ ತಂದ. ಅರ್ಧದಲ್ಲೇ ನಿಂತ. ಗಾಜಿನ ಅಂಚು ಮೇಲ್ದುಟಿಗೆ ಇನ್ನೇನು ತಾಗಬೇಕು, ಅಷ್ಟರಲ್ಲಿ ಕೆಳಗಿಟ್ಟ. ಇನ್ನೊಂದನ್ನು ಮುಟ್ಟಿ ಬಿಟ್ಟ. ಮೂರನೆಯದನ್ನು ಮುಟ್ಟಲಿಲ್ಲ. ಬೆರಳುಗಳನ್ನು ಪ್ಯಾಂಟಿಗೆ ಉಜ್ಜಿಕೊಂಡ.

"ಬೀರಪ್ಪ, ಇವನ್ನೆಲ್ಲಾ ಒಳಗ ಒಯ್ಯಿ. ಬ್ಯಾರೆ ಗ್ಲಾಸು ತಾ."

"ಯಾಕೆ ಸರ್?" ರಾಧಿಕಾ ಕೇಳಿದಳು. "ಎಲ್ಲ ತೊಳೆದಿರೋವೇ ಅಲ್ವಾ?"

"ದಾರದ ಚೂರು ಬಿದ್ದಾವಲ್ರಿ ಮೇಡಂ. ರುಚಿ ಕೆಡತೈತಿ."

ರಾಧಿಕಾ ಟೇಬಲ್ಲಿನ ಮೇಲಿದ್ದ ದಾರದ ತುಂಡುಗಳನ್ನು ನೋಡಿದಳು. ಅವಳೂ ಬಟ್ಟೆಯ ಕಂಪನಿಯವಳೇ. ಹಳದಿಯದನ್ನು ಉಗುರಿನಲ್ಲಿ ಎತ್ತಿ, ಬೆಳಕಿಗೆ ಹಿಡಿದು, ಕೆಂಪಿನ ಪಕ್ಕದಲ್ಲಿಟ್ಟು ಹೋಲಿಸಿದಳು. "ಇದೊಂದೇ ಯಾಕೆ ಇಷ್ಟು ವಾಶ್ ಆಗಿದೆ?" ಅಂದಳು. ಯಾರನ್ನು ಕೇಳಿದಳೆಂದು ತಿಳಿಯಲಿಲ್ಲ. ದೊಡ್ಡಬೀರಪ್ಪ ಟ್ರೇ ಎತ್ತಿಕೊಂಡು, ಒಳಗೆ ಹೋಗಬೇಕೋ ಹೊರಗೆ ಹೋಗಬೇಕೋ ತಿಳಿಯದೆ, ನಾಲ್ಕೂ ಗ್ಲಾಸುಗಳೊಂದಿಗೆ ಬಾಗಿಲಲ್ಲೇ ನಿಂತುಬಿಟ್ಟ. ಈಗ ಹೊರಗಿನ ನಲ್ಲಿಯದು ಯಾವುದು, ಒಳಗಿನ ಬಿಸಿನೀರಿನದು ಯಾವುದು, ಅವನಿಗೂ ಗೊತ್ತಿರಲಿಲ್ಲ.

ರಘುನಾಥನ ಮುಖ ಬಿಗಿಯಾಯಿತು. ದನಿ ಮಾತ್ರ ಇನ್ನೂ ಮೆತ್ತಗಿತ್ತು.

"ಹರೀಶ, ಬಾ. ಕೂಡು. ನಿನ್ನ ಕುರ್ಚಿ ಐತಿ ಇಲ್ಲಿ. ಹೊಸ ಯೂನಿಟ್ಟಿನ ಮಾತು ನೆನಪೈತಲ್ಲ? ನನ್ನ ಮನಿಯಾಗ ಭೇದ ಇಲ್ಲಂತ ಮೇಡಂಗೆ ಹೇಳು."

ಹರೀಶ ಬಾಗಿಲ ಕಡೆ ನೋಡಿದ. ಪಾಲಮ್ಮ ಬೇಡವೆಂದು ಕಣ್ಣಿನಲ್ಲೇ ಸನ್ನೆ ಮಾಡುತ್ತಿದ್ದಳು. ಕುರ್ಚಿ ಕಳೆದುಕೊಳ್ಳಬೇಡ ಎಂದು.

"ಹೇಳೋ," ಅಂದ ರಘುನಾಥ್.

ಹರೀಶ ಕತ್ತರಿಯನ್ನು ಜೇಬಿಗಿಟ್ಟುಕೊಂಡ.

"ಹೇಳಾಕಿಲ್ಲ ಸಾರ್."